ಹುಲಿಗೆ ಪಟ್ಟೆ, ಚಿರತೆಗೆ ಚುಕ್ಕೆ: ಮಕ್ಕಳ ಜೋಡಿ ಆಟದ ಜಾಣ್ಮೆಯಲ್ಲೇ ನಡೆಯುತ್ತದೆ ದೇಶದ ಹುಲಿ ಗಣತಿ

ವಡೋದರಾ: ಒಂದು ಕಡೆ ಪ್ರಾಣಿಗಳ ಚಿತ್ರ. ಇನ್ನೊಂದು ಕಡೆ ಅವುಗಳ ಮೈಮೇಲಿನ ಪಟ್ಟೆ, ಚುಕ್ಕೆ, ಮಚ್ಚೆಗಳ ಸಣ್ಣ ತುಣುಕು. ಯಾವ ತುಣುಕು ಯಾರದ್ದು ಎಂದು ಗುರುತಿಸಿ ಜೋಡಿಸಬೇಕು. ಮೂರು-ನಾಲ್ಕು ವರ್ಷದ ಮಕ್ಕಳಿರುವ ಮನೆಗಳಲ್ಲಿ ಈ ಆಟ ಹೊಸದೇನಲ್ಲ. ರಟ್ಟಿನ ಕಾರ್ಡು, ಮರದ ಪಜಲ್, ಮೊಬೈಲ್ ಆ್ಯಪ್, ಹೀಗೆ ನಾನಾ ರೂಪದಲ್ಲಿ ಇದು ಸಿಗುತ್ತದೆ. ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲಾಗದ ಬಿಸಿಲಿರುವ ವಡೋದರಾದಂಥ ಊರಿನಲ್ಲಿ ಅಪ್ಪ-ಅಮ್ಮಂದಿರಿಗೆ ಇಂಥ ಆಟಗಳೇ ಆಸರೆ.

ಆದರೆ ಹುಲಿ, ಜೀಬ್ರಾ, ಜಿರಾಫೆ, ಹಸು ಎಂದು ಮಗು ಎರಡೇ ದಿನದಲ್ಲಿ ಕಲಿತುಬಿಡುತ್ತದೆ. ಮೂರನೇ ದಿನಕ್ಕೆ ಕಾರ್ಡಿನ ಡಬ್ಬಿ ಅಟ್ಟ ಸೇರುತ್ತದೆ. ನಿಜವಾದ ಆಟ ಶುರುವಾಗುವುದೇ ಆಮೇಲೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 'ಈ ಪಟ್ಟೆ ಯಾವ ಪ್ರಾಣಿಯದ್ದು?' ಎಂಬುದು ಮೊದಲ ಹಂತ. 'ಈ ಪಟ್ಟೆ ಯಾವ ಹುಲಿಯದ್ದು?' ಎಂಬುದು ಎರಡನೇ ಹಂತ. ಈ ಎರಡನೇ ಹಂತದ ಆಟವನ್ನೇ ಆಡಿ ಭಾರತ ತನ್ನ ಹುಲಿಗಳನ್ನು ಎಣಿಸುತ್ತದೆ. ಅದನ್ನು ಎಣಿಕೆಯ ಶಾಸ್ತ್ರವಾಗಿ ಬೆಳೆಸಿದ್ದು ಕರ್ನಾಟಕದ ನಾಗರಹೊಳೆ ಕಾಡಿನಲ್ಲಿ.

ಚೀತಾ, ಚಿತ್ತೊ, ಚಿರತೆ: ಹೆಸರಲ್ಲೇ ಗೊಂದಲ

ಮಂಜಲ್‌ಪುರದಂಥ ಬಡಾವಣೆಗಳಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಈ ಆಟದಲ್ಲಿ ಒಂದು ಹೆಚ್ಚುವರಿ ತೊಡಕಿದೆ. ಮನೆಯಲ್ಲಿ 'ಚಿರತೆ' ಎನ್ನುವ ಪ್ರಾಣಿಗೆ ಹೊರಗೆ ಗುಜರಾತಿಯಲ್ಲಿ 'ದೀಪಡೊ' ಎನ್ನುತ್ತಾರೆ, ಹಿಂದಿಯಲ್ಲಿ 'ತೇಂದುವಾ'. ಗುಜರಾತಿಯ 'ಚಿತ್ತೊ', ಹಿಂದಿಯ 'ಚೀತಾ' ಬೇರೆಯೇ ಪ್ರಾಣಿ. ಕೇಳಲು ಚಿರತೆಯ ಹಾಗೇ ಇರುವುದರಿಂದ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಚೀತಾಕ್ಕೆ ಕನ್ನಡದಲ್ಲಿ 'ಸಿವಂಗಿ' ಎಂಬ ಹಳೆಯ ಹೆಸರಿದೆ. ಅದನ್ನು ಮಕ್ಕಳಿಗೆ ಹೇಳಿಕೊಟ್ಟರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಉಳಿದರ್ಧಕ್ಕೆ ಮೈಮೇಲಿನ ಗುರುತೇ ಉತ್ತರ. ಸಿವಂಗಿಯ ಮೈಮೇಲೆ ಶಾಯಿಯಲ್ಲಿ ಬೆರಳದ್ದಿ ಒತ್ತಿದಂಥ ಗಟ್ಟಿ ಕಪ್ಪು ಚುಕ್ಕೆಗಳಿರುತ್ತವೆ. ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಕಣ್ಣೀರು ಇಳಿದಂತೆ ಕಪ್ಪು ಗೆರೆ ಇರುತ್ತದೆ. ಚಿರತೆಗೆ ಈ ಗೆರೆ ಇಲ್ಲ. ಅದರ ಬೆನ್ನು ಮತ್ತು ಪಕ್ಕೆಯ ಮೇಲಿರುವುದು ಒಂಟಿ ಚುಕ್ಕೆಯಲ್ಲ, ನಾಲ್ಕೈದು ಕಪ್ಪು ಮಚ್ಚೆಗಳು ಸುತ್ತುಗಟ್ಟಿ ನಿಂತ ಹೂವಿನಂಥ ಆಕಾರ. ಒಳಗಿನ ಬಣ್ಣ ಸುತ್ತಲಿನ ಬಣ್ಣಕ್ಕಿಂತ ತುಸು ಗಾಢ. ದಕ್ಷಿಣ ಅಮೆರಿಕದ ಜಾಗ್ವಾರ್‌ಗೂ ಇಂಥದ್ದೇ ಹೂಗಳಿವೆ, ಆದರೆ ಅವು ದೊಡ್ಡವು, ಒಳಗೆ ಮತ್ತೆ ಚುಕ್ಕೆಗಳಿರುತ್ತವೆ.

ಚಿರತೆಯ ಮೈಗೆ ಬರೀ ಗುಂಡು ಚುಕ್ಕೆ ಇಟ್ಟು ಬರೆದ ಕಾರ್ಡನ್ನು ಕೊಳ್ಳದಿರುವುದೇ ಒಳ್ಳೆಯದು. ಅದು ಮಗುವಿಗೆ ಪ್ರಾಣಿಯನ್ನು ಕಲಿಸುವುದಿಲ್ಲ, ಚಿತ್ರಕಾರರ ಅವಸರವನ್ನು ಕಲಿಸುತ್ತದೆ. ಕೈಬರಹದ ಚಿತ್ರಕ್ಕಿಂತ ಫೋಟೊ ಇರುವ ಕಾರ್ಡುಗಳು ಈ ಆಟಕ್ಕೆ ಎಷ್ಟೋ ಮೇಲು.

ಅಂದಹಾಗೆ, ವಡೋದರಾಕ್ಕೆ ಸಿವಂಗಿ ಅಪರಿಚಿತವಲ್ಲ. ಬರೋಡಾ ಸಂಸ್ಥಾನದ ಗಾಯಕವಾಡ್ ಅರಸರು ಕೃಷ್ಣಮೃಗದ ಬೇಟೆಗಾಗಿ ಸಿವಂಗಿಗಳನ್ನು ಪಳಗಿಸಿ ಸಾಕುತ್ತಿದ್ದರು. ದೇಶದ ಕಾಡುಗಳಿಂದ ಅದು ಅಳಿದುಹೋಗಿದೆ ಎಂದು 1952ರಲ್ಲಿ ಘೋಷಿಸಲಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಬಂದ ಎಂಟು ಸಿವಂಗಿಗಳನ್ನು ಮಧ್ಯಪ್ರದೇಶದ ಕುನೋದಲ್ಲಿ ಬಿಡಲಾಯಿತು. 'ಸಿವಂಗಿ' ಎಂಬ ಪದ ಮತ್ತೆ ಬಳಕೆಗೆ ಬರಲು ಅದೊಂದು ನೆಪವಾಗಬಹುದಿತ್ತು. ಪತ್ರಿಕೆಗಳು 'ಚೀತಾ' ಎಂದೇ ಬರೆದವು.

ಪಟ್ಟೆ ಬಂದದ್ದು ಎಲ್ಲಿಂದ?

'ಹುಲಿಗೆ ಪಟ್ಟೆ ಯಾಕಿದೆ?' ಎಂದು ಮಗು ಕೇಳದೆ ಬಿಡುವುದಿಲ್ಲ. ಇದಕ್ಕೆ ಎರಡು ಉತ್ತರಗಳಿವೆ. ಪಟ್ಟೆ ಮೂಡುವುದು ಹೇಗೆ ಎಂಬುದು ಒಂದು. ಪಟ್ಟೆಯಿಂದ ಪ್ರಯೋಜನವೇನು ಎಂಬುದು ಇನ್ನೊಂದು.

ಮೊದಲನೆಯದಕ್ಕೆ ದಾರಿ ತೋರಿದವರು ಪ್ರಾಣಿಶಾಸ್ತ್ರಜ್ಞರಲ್ಲ, ಗಣಿತಜ್ಞ. ಕಂಪ್ಯೂಟರ್ ವಿಜ್ಞಾನದ ಪಿತಾಮಹ ಎನಿಸಿದ ಬ್ರಿಟನ್ನಿನ ಅಲನ್ ಟ್ಯೂರಿಂಗ್ 1952ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಭ್ರೂಣದಲ್ಲಿ ಎರಡು ರಾಸಾಯನಿಕಗಳು ಹರಡುತ್ತಿವೆ ಎಂದುಕೊಳ್ಳಿ. ಒಂದು ಬಣ್ಣವನ್ನು ಪ್ರಚೋದಿಸುತ್ತದೆ, ಇನ್ನೊಂದು ಅದನ್ನು ತಡೆಯುತ್ತದೆ. ತಡೆಯುವುದು ಹೆಚ್ಚು ವೇಗವಾಗಿ ದೂರ ಹರಡಿದರೆ ಬಣ್ಣ ಎಲ್ಲೆಡೆ ಒಂದೇ ಸಮನಾಗಿ ಉಳಿಯದೆ ಅಲ್ಲಲ್ಲಿ ಗುಂಪುಗಟ್ಟುತ್ತದೆ. ಪ್ರಮಾಣ ಸ್ವಲ್ಪ ಬದಲಾದರೆ ಚುಕ್ಕೆ, ಇನ್ನೊಂದಿಷ್ಟು ಬದಲಾದರೆ ಪಟ್ಟೆ. ಯಾರೂ ನಕ್ಷೆ ಹಾಕಿಕೊಡದೆ ವಿನ್ಯಾಸ ತಾನಾಗಿ ಮೂಡಬಲ್ಲದು ಎಂಬುದು ಅವರ ವಾದ.

ಇದೇ ಗಣಿತವನ್ನು ಮುಂದುವರಿಸಿದ ಜೇಮ್ಸ್ ಮರ್ರೆ ಎಂಬ ಗಣಿತಜ್ಞರು ಕುತೂಹಲದ ಒಂದು ನಿಯಮ ಹೇಳಿದರು. ಮೈಯಲ್ಲಿ ಚುಕ್ಕೆ ಇರುವ ಪ್ರಾಣಿಯ ಬಾಲದಲ್ಲಿ ಪಟ್ಟೆ ಇರಬಹುದು, ಆದರೆ ಮೈಯಲ್ಲಿ ಪಟ್ಟೆ ಇರುವ ಪ್ರಾಣಿಯ ಬಾಲದಲ್ಲಿ ಚುಕ್ಕೆ ಇರಲಾರದು. ಬಾಲ ಎಂದರೆ ತೆಳ್ಳನೆಯ ಕೊಳವೆ. ಅಷ್ಟು ಇಕ್ಕಟ್ಟಿನಲ್ಲಿ ಚುಕ್ಕೆಗಳು ಅಕ್ಕಪಕ್ಕ ನಿಲ್ಲಲು ಜಾಗವಿಲ್ಲದೆ ಒಂದಕ್ಕೊಂದು ಕೂಡಿ ಬಳೆಯಾಗುತ್ತವೆ. ಸಿವಂಗಿಯ ಬಾಲ ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ: ಬುಡದಲ್ಲಿ ಚುಕ್ಕೆ, ತುದಿಯಲ್ಲಿ ಬಳೆ. ಮಕ್ಕಳ ಕಾರ್ಡಿನಲ್ಲಿ ಪಟ್ಟೆ ಹುಲಿಗೆ ಚುಕ್ಕೆ ಬಾಲ ಬರೆದಿದ್ದರೆ ಅದು ತಪ್ಪು ಎಂದು ಮಗುವೇ ಕಂಡುಹಿಡಿಯಬಹುದು.

ಟ್ಯೂರಿಂಗ್ ಹೇಳಿದ್ದು ತತ್ವ ಮಾತ್ರ, ಅದರ ಹಿಂದಿರುವ ವಂಶವಾಹಿಗಳು ಒಂದೊಂದಾಗಿ ಈಗ ಪತ್ತೆಯಾಗುತ್ತಿವೆ. ಅವುಗಳಲ್ಲೊಂದರ ಕಥೆಗೆ ಬೆಂಗಳೂರಿನ ನಂಟಿದೆ. ಒಡಿಶಾದ ಸಿಮ್ಲಿಪಾಲ್ ಕಾಡಿನಲ್ಲಿ ಕೆಲವು ಹುಲಿಗಳ ಪಟ್ಟೆಗಳು ಎಷ್ಟು ದಪ್ಪ ಎಂದರೆ ಒಂದಕ್ಕೊಂದು ಕೂಡಿಕೊಂಡು ಹುಲಿಯೇ ಕಪ್ಪಾಗಿ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ವಿನಯ್ ಸಾಗರ್ ಅವರ ತಂಡ 2021ರಲ್ಲಿ ಇದರ ಕಾರಣ ಪ್ರಕಟಿಸಿತು. 'ಟ್ಯಾಕ್‌ಪೆಪ್' ಎಂಬ ಒಂದೇ ವಂಶವಾಹಿಯಲ್ಲಿ ಆದ ಒಂದು ಸಣ್ಣ ಬದಲಾವಣೆ ಅದು. ಮನೆಯ ಬೆಕ್ಕಿನ ಮೈಮೇಲೆ ಸುರುಳಿ ಸುರುಳಿ ಮಚ್ಚೆ ಮೂಡಿಸುವುದೂ ಇದೇ ವಂಶವಾಹಿ. ಮಗುವಿನ ಕಾರ್ಡಿನಲ್ಲಿರುವ ಹುಲಿಗೂ ಅಡುಗೆಮನೆ ಕಿಟಕಿಯಲ್ಲಿ ಕೂತ ಬೆಕ್ಕಿಗೂ ಇರುವ ನೆಂಟಸ್ತಿಕೆಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಪ್ರಯೋಜನ. ಕಿತ್ತಳೆ ಬಣ್ಣದ ಹುಲಿ ಹಸಿರು ಕಾಡಿನಲ್ಲಿ ಎದ್ದು ಕಾಣುವುದಿಲ್ಲವೇ? ನಮಗೆ ಕಾಣುತ್ತದೆ, ಜಿಂಕೆಗೆ ಕಾಣುವುದಿಲ್ಲ. ಜಿಂಕೆ, ಕಡವೆಗಳ ಕಣ್ಣಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯದು. ಹಾಗಾಗಿ ಕಿತ್ತಳೆ ಹುಲಿ ಅವಕ್ಕೆ ಹಸಿರು ಗಿಡಗಳ ನಡುವೆ ಬೆರೆತುಹೋಗುತ್ತದೆ. ಅದರ ಮೇಲೆ ಕಪ್ಪು ಪಟ್ಟೆಗಳು ಹುಲ್ಲಿನ ನೆರಳಿನಂತೆ ಬಿದ್ದು ಮೈಯ ಆಕಾರವನ್ನು ಒಡೆಯುತ್ತವೆ. ಜೀಬ್ರಾದ ಪಟ್ಟೆಗೆ ಕಾರಣ ಬೇರೆ. ಅಮೆರಿಕದ ಟಿಮ್ ಕ್ಯಾರೊ ಮತ್ತು ಸಂಗಡಿಗರು ಸಾಮಾನ್ಯ ಕುದುರೆಗಳಿಗೆ ಪಟ್ಟೆಯ ಬಟ್ಟೆ ಹೊದಿಸಿ ಪರೀಕ್ಷಿಸಿದರು. ರಕ್ತ ಹೀರುವ ನೊಣಗಳು ಹತ್ತಿರ ಬಂದರೂ ಪಟ್ಟೆಯ ಮೇಲೆ ಸರಿಯಾಗಿ ಇಳಿಯಲಾರದೆ ತಡಬಡಿಸಿದ್ದನ್ನು 2019ರಲ್ಲಿ ಅವರು ಪ್ರಕಟಿಸಿದರು.

ಎರಡನೇ ಹಂತ: ಒಂದು ಹುಲಿಯಂತೆ ಇನ್ನೊಂದಿಲ್ಲ

ಪಟ್ಟೆಗಳು ಹೀಗೆ ತಾವಾಗಿ ಮೂಡುವುದರಿಂದಲೇ ಎರಡು ಹುಲಿಗಳ ಪಟ್ಟೆ ಒಂದೇ ತೆರನಾಗಿರುವುದಿಲ್ಲ. ಮನುಷ್ಯರ ಬೆರಳಚ್ಚಿನಂತೆಯೇ. ಒಂದೇ ಹುಲಿಯ ಎಡಪಕ್ಕೆಗೂ ಬಲಪಕ್ಕೆಗೂ ಹೊಂದಿಕೆಯಿಲ್ಲ. ಮರಿಯಾಗಿದ್ದಾಗ ಇದ್ದ ಪಟ್ಟೆಯೇ ಸಾಯುವವರೆಗೂ ಇರುತ್ತದೆ, ಮೈ ಬೆಳೆದಂತೆ ಹಿಗ್ಗುತ್ತದೆ ಅಷ್ಟೆ. ಚಿರತೆಯ ಹೂಮಚ್ಚೆಗೂ ಇದೇ ಮಾತು. ಕರ್ನಾಟಕದಲ್ಲಿ ಚಿರತೆಗಳ ಅಧ್ಯಯನ ಮಾಡಿರುವ ಸಂಜಯ್ ಗುಬ್ಬಿ ಅವರ ತಂಡ ಒಂದೊಂದು ಚಿರತೆಯನ್ನು ಬೇರೆ ಬೇರೆಯಾಗಿ ಗುರುತಿಸುವುದು ಈ ಮಚ್ಚೆಗಳಿಂದಲೇ.

ಹಿಂದೆ ಹುಲಿ ಎಣಿಸುತ್ತಿದ್ದುದು ಹೆಜ್ಜೆ ಗುರುತಿನಿಂದ. ಕಾಡಿನ ದಾರಿಯಲ್ಲಿ ಕಂಡ ಹೆಜ್ಜೆಯನ್ನು ಗಾಜಿನ ಮೇಲೆ ಗೆರೆ ಎಳೆದು, ಅಚ್ಚು ತೆಗೆದು, ಇದು ಇಂಥ ಹುಲಿ ಎಂದು ಲೆಕ್ಕ ಬರೆಯಲಾಗುತ್ತಿತ್ತು. ಮಣ್ಣು ಒದ್ದೆಯಾಗಿದ್ದರೆ ಹೆಜ್ಜೆ ಒಂದು ಬಗೆ, ಒಣಗಿದ್ದರೆ ಇನ್ನೊಂದು ಬಗೆ. ಒಂದೇ ಹುಲಿ ಎರಡಾಗುವುದು, ಇಲ್ಲದ ಹುಲಿ ಇದೆ ಎಂದಾಗುವುದು ಸುಲಭವಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಆದದ್ದು ಅದೇ. ಕಾಗದದ ಮೇಲೆ ಹುಲಿಗಳಿದ್ದವು, 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಮುಗಿಸಿಬಿಟ್ಟಿದ್ದರು. ಆ ಆಘಾತದ ನಂತರವೇ ಹಳೆಯ ವಿಧಾನವನ್ನು ಕೈಬಿಡಲಾಯಿತು.

ಬದಲಿ ದಾರಿ ಅಷ್ಟರಲ್ಲಾಗಲೇ ನಾಗರಹೊಳೆಯಲ್ಲಿ ಸಿದ್ಧವಾಗಿತ್ತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ (ಶಿವರಾಮ ಕಾರಂತರ ಮಗ) 1990ರ ದಶಕದ ಆರಂಭದಲ್ಲಿ ಅಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳನ್ನು ಕಟ್ಟಿ, ಹುಲಿ ಹಾದುಹೋದಾಗ ತಾನಾಗಿ ಫೋಟೊ ತೆಗೆಯುವ ವ್ಯವಸ್ಥೆ ಮಾಡಿದರು. ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ, ಏಕೆಂದರೆ ಎಡ-ಬಲ ಪಕ್ಕೆಗಳ ಪಟ್ಟೆ ಬೇರೆ ಬೇರೆ. ಆಮೇಲೆ ಫೋಟೊಗಳನ್ನು ಮೇಜಿನ ಮೇಲೆ ಹರಡಿಕೊಂಡು ಜೋಡಿ ಹುಡುಕುವ ಕೆಲಸ. ಮಗು ನೆಲದ ಮೇಲೆ ಕಾರ್ಡು ಹರಡಿಕೊಂಡು ಮಾಡುವುದನ್ನೇ. ಪಟ್ಟೆಯ ಆಧಾರದಲ್ಲಿ ಹುಲಿಗಳ ಸಂಖ್ಯೆ ಅಂದಾಜು ಮಾಡುವ ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಮುಂದೆ ಜಗತ್ತಿನ ಹಲವು ದೇಶಗಳು ಇದೇ ಹಾದಿ ಹಿಡಿದವು.

ಅವರೆಕಾಳಿನಲ್ಲಿ ಹುಲಿ ಲೆಕ್ಕ

ಕ್ಯಾಮೆರಾಕ್ಕೆ ಸಿಗದ ಹುಲಿಗಳನ್ನು ಎಣಿಸುವುದು ಹೇಗೆ ಎಂಬ ಪ್ರಶ್ನೆ ಸಹಜ. ಇದನ್ನು ಎಂಟು-ಹತ್ತು ವರ್ಷದ ಮಕ್ಕಳಿಗೆ ಒಂದು ಡಬ್ಬಿ ಅವರೆಕಾಳಿನಲ್ಲೇ ತೋರಿಸಬಹುದು.

ಡಬ್ಬಿಯಿಂದ 20 ಕಾಳು ತೆಗೆದು ಪೆನ್ನಿನಿಂದ ಗುರುತು ಹಾಕಿ ಮತ್ತೆ ಒಳಗೆ ಹಾಕಿ. ಚೆನ್ನಾಗಿ ಕುಲುಕಿ, ಕಣ್ಣುಮುಚ್ಚಿ ಮತ್ತೆ 20 ಕಾಳು ತೆಗೆಯಿರಿ. ಅದರಲ್ಲಿ ಗುರುತಿರುವ ಕಾಳು 5 ಸಿಕ್ಕಿತು ಎನ್ನಿ. ಅಂದರೆ ನಾಲ್ಕರಲ್ಲಿ ಒಂದಕ್ಕೆ ಗುರುತಿದೆ. ಗುರುತು ಹಾಕಿದ್ದು ಒಟ್ಟು 20. ಹಾಗಾದರೆ ಡಬ್ಬಿಯಲ್ಲಿ ಸುಮಾರು 80 ಕಾಳುಗಳಿವೆ. ಆಮೇಲೆ ಎಲ್ಲವನ್ನೂ ಸುರಿದು ಎಣಿಸಿ ನೋಡಿ, ಹೆಚ್ಚು ಕಡಿಮೆ ಹತ್ತಿರ ಬಂದಿರುತ್ತದೆ. ಗುರುತು ಸಿಕ್ಕ ಕಾಳು ಕಡಿಮೆಯಾದಷ್ಟೂ ಡಬ್ಬಿಯಲ್ಲಿ ಕಾಳು ಹೆಚ್ಚಿವೆ ಎಂದರ್ಥ.

ಹುಲಿಗೆ ಪೆನ್ನಿನ ಗುರುತು ಬೇಕಿಲ್ಲ, ಪಟ್ಟೆಯ ರೂಪದಲ್ಲಿ ಗುರುತು ಹುಟ್ಟಿನಿಂದಲೇ ಬಂದಿದೆ. ಮೊದಲ ಸಲ ಕ್ಯಾಮೆರಾಕ್ಕೆ ಸಿಕ್ಕ ಹುಲಿ ಎರಡನೇ ಸಲ, ಮೂರನೇ ಸಲ ಎಷ್ಟು ಬಾರಿ ಸಿಕ್ಕಿತು ಎಂಬುದರಿಂದ ಸಿಗದೇ ಉಳಿದವು ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಾರೆ. ನಿಜವಾದ ಲೆಕ್ಕ ಇದಕ್ಕಿಂತ ತುಂಬಾ ಜಟಿಲ, ಆದರೆ ಬೇರು ಇದೇ.

ಗಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಅಂಕಿ ಸಾಕು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಡಲಾಗಿತ್ತು. ಸಿಕ್ಕಿದ್ದು ಸುಮಾರು 3.48 ಕೋಟಿ ಫೋಟೊ. ಅದರಲ್ಲಿ ಹುಲಿ ಇದ್ದದ್ದು 76,651ರಲ್ಲಿ ಮಾತ್ರ. ಅವನ್ನು ಜೋಡಿಸಿ ಜೋಡಿಸಿ 2,461 ಬೇರೆ ಬೇರೆ ಹುಲಿಗಳನ್ನು ಗುರುತಿಸಲಾಯಿತು. ಇದು ಗಿನ್ನೆಸ್ ದಾಖಲೆಗೂ ಸೇರಿತು. 2022ರ ಗಣತಿಯಲ್ಲಿ ಗುರುತಾದ ಹುಲಿಗಳು 3,080. ದೇಶದ ಒಟ್ಟು ಅಂದಾಜು 3,682. ಮಧ್ಯಪ್ರದೇಶ 785, ಕರ್ನಾಟಕ 563.

ಇಷ್ಟು ಫೋಟೊಗಳನ್ನು ಬರಿಗಣ್ಣಿನಿಂದ ಜೋಡಿಸಲಾಗದು. ಫೋಟೊದಲ್ಲಿರುವುದು ಹುಲಿಯೋ, ಜಿಂಕೆಯೋ, ದನವೋ ಎಂದು ಬೇರ್ಪಡಿಸಲು ಒಂದು ಸಾಫ್ಟ್‌ವೇರ್, ಹುಲಿಯೇ ಆಗಿದ್ದರೆ ಯಾವ ಹುಲಿ ಎಂದು ಹೋಲಿಸಲು ಇನ್ನೊಂದು. ಗಮನಿಸಿದರೆ ಇವು ಮಕ್ಕಳ ಆಟದ ಅದೇ ಎರಡು ಹಂತಗಳು. ಹುಲಿ ಬಗ್ಗಿರಬಹುದು, ತಿರುಗಿರಬಹುದು, ಕಾಲೆತ್ತಿರಬಹುದು. ಹಾಗಾಗಿ ಎರಡನೇ ಸಾಫ್ಟ್‌ವೇರ್ ಪಟ್ಟೆಗಳನ್ನು ಮೊದಲು ಹುಲಿಯ ಮೂರು ಆಯಾಮದ ಮಾದರಿಗೆ ಹೊದಿಸಿ, ನೆಟ್ಟಗೆ ಮಾಡಿಕೊಂಡು ಆಮೇಲೆ ಹೋಲಿಸುತ್ತದೆ. ಕೊನೆಯ ತೀರ್ಮಾನ ಮಾತ್ರ ಮನುಷ್ಯರದ್ದೇ.

ತಪ್ಪು ಜೋಡಿಯಾದರೆ ಏನಾಗುತ್ತದೆ?

ಮಗು ತಪ್ಪು ಕಾರ್ಡು ಜೋಡಿಸಿದರೆ ನಕ್ಕು ಮತ್ತೆ ಆಡಬಹುದು. ಕಾಡಿನಲ್ಲಿ ಹಾಗಲ್ಲ. ಒಂದು ಹುಲಿಯ ಎಡಪಕ್ಕೆ ಮಾತ್ರ ಸಿಕ್ಕಿದೆ, ಇನ್ನೊಂದು ಫೋಟೊದಲ್ಲಿ ಬಲಪಕ್ಕೆ ಮಾತ್ರ ಇದೆ ಎಂದರೆ ಅವೆರಡೂ ಒಂದೇ ಹುಲಿಯೋ ಬೇರೆಯೋ ಹೇಳಲಾಗದು. ಎರಡನ್ನೂ ಎಣಿಸಿದರೆ ಇಲ್ಲದ ಹುಲಿಯೊಂದು ಹುಟ್ಟುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಹುಲಿ ದಾಳಿಯ ಪ್ರಸಂಗ. 2025ರ ಅಕ್ಟೋಬರ್-ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ರೈತರು ಹುಲಿ ದಾಳಿಗೆ ಬಲಿಯಾದರು. ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ಜನರ ಆಕ್ರೋಶದ ನಡುವೆ ಯಾವುದೋ ಒಂದು ಹುಲಿ ಬೋನಿಗೆ ಬಿದ್ದರೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ದಾಳಿ ಮಾಡಿದ್ದು ಅದೇ ಹುಲಿಯೇ? ಘಟನೆ ನಡೆದ ಜಾಗದಲ್ಲಿ ಕ್ಯಾಮೆರಾಕ್ಕೆ ಸಿಕ್ಕ ಪಟ್ಟೆಗೂ ಬೋನಿನಲ್ಲಿರುವ ಹುಲಿಯ ಪಟ್ಟೆಗೂ ತಾಳೆ ನೋಡದೆ ಇದನ್ನು ಹೇಳುವುದು ಕಷ್ಟ. ತಾಳೆ ತಪ್ಪಿದರೆ ನಿರಪರಾಧಿ ಹುಲಿ ಜೀವನಪೂರ್ತಿ ಬೋನಿನಲ್ಲಿ, ದಾಳಿ ಮಾಡಿದ ಹುಲಿ ಇನ್ನೂ ಹೊಲದ ಅಂಚಿನಲ್ಲಿ. ಮರುದಿನ ಬೆಳಗ್ಗೆ ಹೊಲಕ್ಕೆ ಹೋಗುವ ರೈತನ ಜೀವ ಆ ಜೋಡಿಯ ಮೇಲೆ ನಿಂತಿರುತ್ತದೆ.

ಪಟ್ಟೆ ಹುಲಿಯ ದಾರಿಯನ್ನೂ ಹೇಳುತ್ತದೆ. ಬಂಡೀಪುರದಲ್ಲಿ 2010ರಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದ ಗಂಡು ಹುಲಿಯೊಂದು 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆ ಸೆರೆ ಸಿಕ್ಕಿತು. ಹಳೆಯ ಫೋಟೊದ ಪಟ್ಟೆಗೆ ಹೊಸ ಹುಲಿಯ ಪಟ್ಟೆ ಹೊಂದಿತು. ಎರಡು ಊರುಗಳ ನಡುವಿನ ಅಂತರ ಸುಮಾರು 280 ಕಿ.ಮೀ. ಊರು, ರಸ್ತೆ, ಕಾಫಿ ತೋಟಗಳನ್ನು ದಾಟಿ ಅದು ನಡೆದೇ ಹೋಗಿತ್ತು. ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ ಚರ್ಮವನ್ನು ಇದೇ ರೀತಿ ಹಳೆಯ ಫೋಟೊಗಳೊಂದಿಗೆ ಹೋಲಿಸಿ, ಹುಲಿ ಯಾವ ಕಾಡಿನದ್ದು ಎಂದು ಪತ್ತೆ ಹಚ್ಚಬಹುದು ಎಂದು ಕಾರಂತರೂ ಇದ್ದ ತಂಡ 2009ರಲ್ಲೇ ತೋರಿಸಿಕೊಟ್ಟಿತ್ತು.

ಪಟ್ಟೆಯೇ ಇಲ್ಲದ ಸಿಂಹ, ವಿಶ್ವಾಮಿತ್ರಿಯ ಮೊಸಳೆ

ಗುಜರಾತಿನ ಹೆಮ್ಮೆ ಸಿಂಹ. 2025ರ ಗಣತಿಯಲ್ಲಿ 891 ಸಿಂಹಗಳು ಲೆಕ್ಕಕ್ಕೆ ಸಿಕ್ಕಿವೆ. ಆದರೆ ಜೋಡಿ ಆಟದಲ್ಲಿ ಸಿಂಹದ ಕಾರ್ಡು ಬಲು ಕಷ್ಟದ್ದು. ಮೈಯೆಲ್ಲಾ ಒಂದೇ ಬಣ್ಣ. ಮರಿಗಳ ಮೈಮೇಲೆ ಮಸುಕು ಚುಕ್ಕೆಗಳಿರುತ್ತವೆ, ದೊಡ್ಡದಾದಂತೆ ಅವೂ ಮಾಸುತ್ತವೆ. ಹಾಗಾದರೆ ಒಂದು ಸಿಂಹದಿಂದ ಇನ್ನೊಂದನ್ನು ಬೇರ್ಪಡಿಸುವುದು ಹೇಗೆ? ಮೀಸೆಯ ಬುಡದಿಂದ. ಮೂತಿಯ ಎರಡೂ ಬದಿಗೆ ಮೀಸೆ ಕೂದಲು ಹುಟ್ಟುವಲ್ಲಿ ಕಪ್ಪು ಚುಕ್ಕೆಗಳ ಸಾಲುಗಳಿವೆ. ಮೇಲಿನ ಸಾಲಿನಲ್ಲಿ ಎಷ್ಟು ಚುಕ್ಕೆ, ಕೆಳಗಿನ ಸಾಲಿನ ಯಾವ ಚುಕ್ಕೆಯ ನೇರಕ್ಕಿವೆ ಎಂಬುದು ಸಿಂಹದಿಂದ ಸಿಂಹಕ್ಕೆ ಬೇರೆ. ಆಫ್ರಿಕಾದ ಸಿಂಹಗಳಲ್ಲಿ 1970ರಲ್ಲೇ ತೋರಿಸಲಾದ ಈ ಉಪಾಯವನ್ನು ಕಿವಿಯ ಕಚ್ಚು, ಮುಖದ ಗಾಯದ ಕಲೆಗಳ ಜತೆ ಸೇರಿಸಿ ಗೀರ್‌ನಲ್ಲೂ ಬಳಸುತ್ತಾರೆ. ಗುಜರಾತ್ ಅರಣ್ಯ ಇಲಾಖೆ ಇದಕ್ಕೆಂದೇ ಮಾಡಿಸಿಕೊಂಡ ಸಾಫ್ಟ್‌ವೇರ್‌ಗೆ 'ಸಿಂಬಾ' ಎಂದು ಹೆಸರಿಟ್ಟಿದೆ.

ವಡೋದರಾದವರಿಗೆ ಇನ್ನೂ ಹತ್ತಿರದ ಉದಾಹರಣೆ ಊರ ನಡುವೆ ಹರಿಯುವ ವಿಶ್ವಾಮಿತ್ರಿ ನದಿಯಲ್ಲಿದೆ. ಮಳೆಗಾಲದಲ್ಲಿ ಪ್ರವಾಹ ಬಂದಾಗ ಬೀದಿಗೇ ಬರುವ ಮೊಸಳೆಗಳು ಇಲ್ಲಿನ ಮಕ್ಕಳಿಗೆ ಚೆನ್ನಾಗಿ ಗೊತ್ತು. ಮೊಸಳೆಗೆ ತುಪ್ಪಳವಿಲ್ಲ, ಆದರೆ ಬೆನ್ನ ಮೇಲಿನ ಗಟ್ಟಿ ಹುರುಪೆಗಳ ಜೋಡಣೆ ಒಂದೊಂದಕ್ಕೂ ಒಂದೊಂದು ಬಗೆ. ಅಹಮದಾಬಾದ್ ವಿಶ್ವವಿದ್ಯಾಲಯದ ಸಂಶೋಧಕರು ಗುಜರಾತಿನ ಹಲವು ಕಡೆ ಡ್ರೋನ್ ಹಾರಿಸಿ, ಮೇಲಿನಿಂದ ತೆಗೆದ ಫೋಟೊಗಳಲ್ಲಿ ಆ ಜೋಡಣೆ ನೋಡಿ ಮೊಸಳೆಗಳನ್ನು ಪ್ರತ್ಯೇಕವಾಗಿ ಗುರುತಿಸುವಂತೆ ಕಂಪ್ಯೂಟರ್‌ಗೆ ಕಲಿಸಿದರು. 2022ರಲ್ಲಿ ಅದು ಪ್ರಕಟವಾಯಿತು. ಹಿಡಿದು, ಗುರುತು ಹಾಕಿ ಬಿಡುವುದಕ್ಕಿಂತ ಇದು ಮೊಸಳೆಗೂ ಸುಖ, ಸಂಶೋಧಕರ ಕೈಕಾಲಿಗೂ ಕ್ಷೇಮ.

ಇನ್ನು ಹುಲಿ. ಗುಜರಾತಿನಲ್ಲಿ ಹುಲಿ ಇಲ್ಲ ಎಂದೇ ದಶಕಗಳ ಕಾಲ ನಂಬಲಾಗಿತ್ತು. 2019ರ ಫೆಬ್ರವರಿಯಲ್ಲಿ ಮಹಿಸಾಗರ್ ಜಿಲ್ಲೆಯಲ್ಲಿ ಶಾಲಾ ಶಿಕ್ಷಕರೊಬ್ಬರು ರಸ್ತೆಯಲ್ಲಿ ಹುಲಿ ಕಂಡು ಮೊಬೈಲ್‌ನಲ್ಲಿ ಫೋಟೊ ತೆಗೆದರು. ಅರಣ್ಯ ಇಲಾಖೆಯ ಕ್ಯಾಮೆರಾದಲ್ಲೂ ಅದು ಸಿಕ್ಕಿತು. ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ, ಅದೇ ತಿಂಗಳ ಕೊನೆಗೆ ಹುಲಿ ಸತ್ತು ಬಿದ್ದಿತ್ತು. ಆಮೇಲೆ 2025ರಲ್ಲಿ ಮಧ್ಯಪ್ರದೇಶದ ಗಡಿಗೆ ತಾಗಿದ ದಾಹೋದ್ ಜಿಲ್ಲೆಯ ರತನ್‌ಮಹಲ್ ಅಭಯಾರಣ್ಯದಲ್ಲಿ ಹುಲಿಯೊಂದು ತಿಂಗಳುಗಟ್ಟಲೆ ನೆಲೆ ನಿಂತಿರುವುದನ್ನು ರಾಜ್ಯ ಸರ್ಕಾರ ಖಚಿತಪಡಿಸಿತು. ವಡೋದರಾದ ಮಕ್ಕಳ ಕಾರ್ಡಿನ ಹುಲಿ ಈಗ ತೀರಾ ದೂರದ ಪ್ರಾಣಿಯಲ್ಲ.

ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ?

ಅಂಗಡಿಯ ಡಬ್ಬಿ ಬೇಕೆಂದೇನಿಲ್ಲ. ವಡೋದರಾದಲ್ಲಿ 1879ರಲ್ಲಿ ಮೂರನೇ ಸಯಾಜಿರಾವ್ ಗಾಯಕವಾಡ್ ಅವರ ಕಾಲದಲ್ಲಿ ರೂಪುಗೊಂಡ ಸಯಾಜಿಬಾಗ್ ಮೃಗಾಲಯವಿದೆ. ಜನ ಕಮಾಟಿ ಬಾಗ್ ಎಂದೇ ಕರೆಯುತ್ತಾರೆ. ಅಹಮದಾಬಾದಿನವರಿಗೆ ಕಾಂಕರಿಯಾ, ಸೂರತ್‌ನವರಿಗೆ ಸರ್ಥಾಣಾ, ರಜೆಗೆ ಊರಿಗೆ ಹೋದವರಿಗೆ ಮೈಸೂರು, ಬನ್ನೇರುಘಟ್ಟ. ಒಂದು ಸುತ್ತು ಹಾಕಿ ಪಟ್ಟೆ, ಚುಕ್ಕೆ ಇರುವ ಪ್ರಾಣಿಗಳ ಫೋಟೊ ತೆಗೆಯಿರಿ. ಹುಲಿಯಾದರೆ ಪಕ್ಕೆ ಪೂರ್ತಿ ಕಾಣುವಂತೆ, ಒಂದೇ ಹುಲಿಯದ್ದು ಬೇರೆ ಬೇರೆ ಭಂಗಿಯಲ್ಲಿ ಮೂರು-ನಾಲ್ಕು. ಎಡಪಕ್ಕೆ ಯಾವುದು, ಬಲ ಯಾವುದು ಎಂದು ಫೋಟೊ ಹಿಂದೆ ಬರೆದಿಡಿ.

ಚಿಕ್ಕವರಿಗೆ ಇಡೀ ಪ್ರಾಣಿಯ ಫೋಟೊ ಒಂದು, ಮೈಯ ತುಣುಕು ಒಂದು. ಗುಜರಾತಿ ಗೆಳೆಯರ ಜತೆ ಆಡುವುದಾದರೆ ಕಾರ್ಡಿನ ಹಿಂದೆ ಎರಡೂ ಭಾಷೆಯ ಹೆಸರಿರಲಿ: ಹುಲಿಗೆ ವಾಘ್, ಕತ್ತೆ ಕಿರುಬಕ್ಕೆ ಝರಖ್, ಕೃಷ್ಣಮೃಗಕ್ಕೆ ಕಾಳಿಯಾರ್. ಆರೇಳು ವರ್ಷ ದಾಟಿದವರಿಗೆ ಎರಡು-ಮೂರು ಹುಲಿಗಳ ಎಡಪಕ್ಕೆಯ ಫೋಟೊಗಳನ್ನು ಮಾತ್ರ ಕಲಸಿ ಕೊಡಿ. ಯಾವ ಯಾವ ಫೋಟೊ ಒಂದೇ ಹುಲಿಯದ್ದು? ಇಡೀ ಮೈಯನ್ನು ಒಟ್ಟಿಗೆ ನೋಡಿದರೆ ತಲೆ ತಿರುಗುತ್ತದೆ. ಕವಲೊಡೆದ ಒಂದು ಪಟ್ಟೆ, ಕೊಂಡಿಯಂತೆ ಬಾಗಿದ ಒಂದು ಪಟ್ಟೆ, ಹೀಗೆ ವಿಚಿತ್ರವಾದ ಒಂದೇ ಗುರುತನ್ನು ಹಿಡಿದುಕೊಂಡು ಅದನ್ನೇ ಉಳಿದ ಫೋಟೊಗಳಲ್ಲಿ ಹುಡುಕಲು ಹೇಳಿ. ಒಂದು ಸಿಕ್ಕ ಮೇಲೆ ಪಕ್ಕದ ಎರಡು ಪಟ್ಟೆಗಳೂ ಹೊಂದುತ್ತವೆಯೇ ಎಂದು ನೋಡಲಿ. ತಲೆ, ಬಾಲ ಬೇಡ, ಕೋನ ಬದಲಾದರೆ ಅವು ಮೋಸ ಮಾಡುತ್ತವೆ. ನಡುವೆ ಒಂದು ಬಲಪಕ್ಕೆಯ ಫೋಟೊ ಸೇರಿಸಿ 'ಗೊತ್ತಿಲ್ಲ' ಎಂಬ ಉತ್ತರಕ್ಕೂ ಅಂಕ ಕೊಡಿ. ಕಾಡಿನಲ್ಲಿ ಕೆಲಸ ಮಾಡುವವರಿಗೂ ಆ ಉತ್ತರ ಬಹಳ ಸಲ ಬೇಕಾಗುತ್ತದೆ.

ಜಾಣ ಮಕ್ಕಳು ಬೇಗ ಗೆಲ್ಲತೊಡಗಿದರೆ ಪೂರ್ತಿ ಕಪ್ಪಾದ ಒಂದು ಕಾರ್ಡನ್ನು ಕಟ್ಟಿನೊಳಗೆ ಸೇರಿಸಬಹುದು. ಅದು ಕಬಿನಿಯ ಕರಿಚಿರತೆ. ಅದನ್ನು ಚಿರತೆಯ ಜತೆಗೇ ಜೋಡಿಸಬೇಕು, ಏಕೆಂದರೆ ಅದು ಬೇರೆ ಪ್ರಾಣಿಯಲ್ಲ. ಕಪ್ಪಿನ ಕೆಳಗೆ ಹೂಮಚ್ಚೆಗಳೆಲ್ಲಾ ಹಾಗೇ ಇವೆ. ಓರೆ ಬಿಸಿಲಿನಲ್ಲಿ ಮಸುಕಾಗಿಯೂ ರಾತ್ರಿಯ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿಯೂ ಅವು ಕಾಣುತ್ತವೆ.